ಕಮಲಾಪುರದ ಎದೆಬಡಿತ, ಕಲಬುರಗಿಯ ಕಿವಿ

"ಏನಾಗ್ಯಾದ ಕಾಕಾ?"

"ಏನಿಲ್ಲ ತಮ್ಮಾ, ಗ್ಯಾಸ್ ಆಗ್ಯಾದ. ಒಂದು ಸೋಡಾ ಕುಡದ್ರ ಇಳೀತದ."

ಕಲಬುರಗಿ ಸೀಮೆಯಲ್ಲಿ ಈ ಮಾತು ಕೇಳದ ಓಣಿ ಇಲ್ಲ. ಎದೆ ಹಿಡಿದಂತಾಗುತ್ತದೆ, ಎಡಗೈ ಜೋಮು ಕಟ್ಟುತ್ತದೆ, ಬೆವರು ಕಿತ್ತು ಬರುತ್ತದೆ. ಇಂಥ ಬಿಸಿಲಿನ ಊರಲ್ಲಿ ಬೆವರನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಸೋಡಾ, ಜೀರಿಗೆ ನೀರು, ಅಂಗಡಿಯ ಒಂದು ಗುಳಿಗೆ, ಆಮೇಲೆ ನಿದ್ದೆ. ಆ ನಿದ್ದೆಯಿಂದ ಏಳದೆ ಹೋದ ಒಬ್ಬರನ್ನಾದರೂ ನಮ್ಮಲ್ಲಿ ಪ್ರತಿ ಮನೆತನವೂ ನೆನೆಯುತ್ತದೆ.

ಕೆಂಪು ಬಾಳೆಗೆ ಹೆಸರಾದ ಕಮಲಾಪುರ 2018ರಲ್ಲಿ ತಾಲ್ಲೂಕು ಕೇಂದ್ರವಾಯಿತು. ಹುಮನಾಬಾದ್ ರಸ್ತೆ ಹಿಡಿದರೆ ಅಲ್ಲಿಂದ ಕಲಬುರಗಿಗೆ 35–40 ಕಿಲೋಮೀಟರ್, ಬಸ್ಸಿನಲ್ಲಿ ಹತ್ತಿರ ಹತ್ತಿರ ಒಂದು ತಾಸು. ಗುಡ್ಡದಾಚೆಯ ತಾಂಡಾಗಳವರು ಮೊದಲು ಕಮಲಾಪುರ ಮುಟ್ಟಬೇಕು. ಆದರೆ ರಕ್ತನಾಳ ಕಟ್ಟಿಕೊಂಡರೆ ಹೃದಯದ ಸ್ನಾಯು ಅರ್ಧ ತಾಸಿನೊಳಗೇ ಸಾಯತೊಡಗುತ್ತದೆ. ನಿಜ, ಕಲಬುರಗಿಯಲ್ಲಿ 2024ರ ಡಿಸೆಂಬರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಹೊಸ ಕಟ್ಟಡ ಉದ್ಘಾಟನೆಯಾಯಿತು. ಈ ಸೀಮೆಗೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ನೆನಪಿಗೆ ಸರಿಯಾಗಿ 371 ಹಾಸಿಗೆ. ಎದೆನೋವು ಬಂದರೆ ಬೆಂಗಳೂರು, ಹೈದರಾಬಾದ್, ಸೊಲ್ಲಾಪುರ ಎಂದು ಓಡುತ್ತಿದ್ದ ಜನಕ್ಕೆ ಇದು ದೊಡ್ಡ ವರ. ಆದರೂ ಆ ಬಾಗಿಲು ತಲುಪುವ ಮುನ್ನಿನ ತಾಸು ಉಳಿದೇ ಇದೆ.

ಆ ತಾಸನ್ನು ಉಳಿಸಲು ಹೊರಟದ್ದು ಇಸಿಜಿಯ ಗೆರೆ. ಹೃದಯಾಘಾತದಿಂದ ತೀರಿಕೊಂಡಾಗ 46 ವರ್ಷವಷ್ಟೇ ಆಗಿದ್ದ ನಟ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ಹೃದಯ ಜ್ಯೋತಿ ಯೋಜನೆ ತಂದಿತು. ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸಮ್ಮ ಇಸಿಜಿ ತೆಗೆಯುತ್ತಾರೆ. ಅದು ಮೊಬೈಲ್ ಜಾಲದ ಮೇಲೇ ದೂರದ ತಜ್ಞರ ಮುಂದೆ ಹೋಗುತ್ತದೆ. ಮೊದಲು ಕಂಪ್ಯೂಟರು ಓದುತ್ತದೆ, ಬಳಿಕ ವೈದ್ಯರು ಖಚಿತಪಡಿಸುತ್ತಾರೆ. ಕೆಲವೇ ನಿಮಿಷದಲ್ಲಿ ಉತ್ತರ. ದೊಡ್ಡ ಹೃದಯಾಘಾತವೆಂದು ತಿಳಿದರೆ, ಕೊಡಬಹುದಾದವರಿಗೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಅಲ್ಲೇ, ಉಚಿತವಾಗಿ. ರೋಗಿ ದೊಡ್ಡ ಆಸ್ಪತ್ರೆಯತ್ತ ಹೊರಡುವಾಗ ಅರ್ಧ ಚಿಕಿತ್ಸೆ ಮುಗಿದಿರುತ್ತದೆ.

ಸರ್ಕಾರಕ್ಕಿಂತ ಮೊದಲೇ ಈ ದಾರಿ ತುಳಿದವರು ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್. 2018ರಿಂದ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ಅಲ್ಲಿಯ ವೈದ್ಯರನ್ನು ವಾಟ್ಸಾಪ್ ಗುಂಪಿನಲ್ಲಿ ಕೂಡಿಸಿದರು. ಗೆರೆಯ ಫೋಟೊ ಬಂದ ಕೂಡಲೇ ಯಾರಾದರೊಬ್ಬ ತಜ್ಞರು ಉತ್ತರಿಸುತ್ತಾರೆ. ನನಗೆ ಇದರಲ್ಲಿ ತುಂಬ ಹಿಡಿಸಿದ್ದು ಆ "ಯಾರಾದರೊಬ್ಬರು". ಹಾಗೆ ನೋಡಿದರೆ, ಎದೆಬಡಿತವನ್ನು ದೂರ ಕಳಿಸುವುದು ಹೊಸತೇನಲ್ಲ. ನೆದರ್‌ಲ್ಯಾಂಡ್ಸ್‌ನ ವಿಜ್ಞಾನಿ ಐಂತೋವನ್ 1905ರಲ್ಲೇ ಆಸ್ಪತ್ರೆಯ ರೋಗಿಯ ಹೃದಯದ ಗೆರೆಯನ್ನು ಟೆಲಿಫೋನ್ ತಂತಿಯಲ್ಲಿ ಒಂದೂವರೆ ಕಿಲೋಮೀಟರ್ ಆಚೆಗಿನ ತಮ್ಮ ಪ್ರಯೋಗಾಲಯಕ್ಕೆ ತರಿಸಿಕೊಂಡಿದ್ದರು. ಈಗ ತಂತಿ ಇಲ್ಲ, ಅಷ್ಟೇ.

ದೂರದಿಂದಲೇ ರೋಗಿಯನ್ನು ಕಾಯುವುದರ ಬೆಲೆ ಕಲಬುರಗಿಗೆ ತಿಳಿದದ್ದು ಕಹಿಯಾಗಿ. ದೇಶದ ಮೊದಲ ಕೋವಿಡ್ ಸಾವು, 2020ರ ಮಾರ್ಚ್ 10ರದ್ದು, ಈ ಊರಿನದೇ. ಮುಂದಿನ ತಿಂಗಳುಗಳಲ್ಲಿ ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಮನೆಮನೆಗೆ ಬಂತು. ಕೆಂಪು ಮತ್ತು ಅವಗೆಂಪು ಬೆಳಕು ಬೆರಳಲ್ಲಿ ಹಾದು ರಕ್ತದ ಆಮ್ಲಜನಕ ಹೇಳುವ ಈ ತತ್ವ 1970ರ ದಶಕದಲ್ಲಿ ಜಪಾನಿನ ಎಂಜಿನಿಯರ್ ತಕುವೊ ಆಯೊಯಾಗಿ ಕಂಡುಕೊಂಡದ್ದು. ಲೋಕವೆಲ್ಲ ಅದಕ್ಕೆ ಕೈಚಾಚಿದ 2020ರ ಏಪ್ರಿಲಿನಲ್ಲೇ ಅವರು ತೀರಿಕೊಂಡರು. "ಎಷ್ಟದ?" "ತೊಂಬತ್ತಾರದ." ಅಕ್ಷರ ಬಾರದ ಅವ್ವಂದಿರೂ ಆಗ ಆ ಅಂಕಿ ಕಲಿತರು. 94ಕ್ಕಿಂತ ಇಳಿದರೆ ಫೋನ್ ಮಾಡಬೇಕು ಎಂದು ಆಶಾ ಕಾರ್ಯಕರ್ತೆ ಹೇಳಿದ್ದು ಮನಸ್ಸಿನಲ್ಲಿ ನಿಂತಿತ್ತು. ದೂರದಿಂದ ರೋಗಿಯನ್ನು ಕಾಯುವ ವಿದ್ಯೆ ನಮ್ಮಲ್ಲಿ ಜನಸಾಮಾನ್ಯರ ಕೈಗೆ ಬಂದದ್ದು ಹೀಗೆ: ಒಂದು ಸಾಧನ, ಒಂದು ಅಂಕಿ, ಫೋನ್ ಎತ್ತುವ ಒಬ್ಬರು.

ಸಾಧನಗಳು ಅಲ್ಲಿಂದ ಬಹಳ ಮುಂದೆ ಹೋಗಿವೆ. 2015ರಲ್ಲಿ ಶುರುವಾದ ಬೆಂಗಳೂರಿನ ಡೋಝೀ ಕಂಪನಿಯ ತೆಳು ಹಾಳೆ ಗಾದಿಯ ಕೆಳಗೆ ಇರುತ್ತದೆ. ಹೃದಯ ರಕ್ತ ಚಿಮ್ಮಿದಾಗೆಲ್ಲ ಮೈ ಕಣ್ಣಿಗೆ ಕಾಣದಷ್ಟು ಕಂಪಿಸುತ್ತದೆ; ಆ ಕಂಪನದಿಂದಲೇ ಹಾಳೆ ನಾಡಿ, ಉಸಿರು ಎಣಿಸುತ್ತದೆ. ಮೈಗೆ ಒಂದು ವೈರೂ ಅಂಟುವುದಿಲ್ಲ. ತೋಳಿಗೆ ಅಂಟಿಸಿಕೊಂಡು ಹಗಲಿರುಳು ಸಕ್ಕರೆ ಅಳೆಯುವ ಬಿಲ್ಲೆಗಳಿವೆ, ಓದಿದ್ದನ್ನು ತಾನೇ ಮೊಬೈಲಿಗೆ ಕಳಿಸುವ ಬಿಪಿ ಯಂತ್ರಗಳಿವೆ.

ಆದರೆ ಕಳಿಸಿದ್ದು ಯಾರಿಗೆ? ನಮ್ಮ ತಾಂಡಾ, ಹಳ್ಳಿಗಳ ಹರೆಯದವರು ಪುಣೆ, ಮುಂಬೈ, ಹೈದರಾಬಾದಿನಲ್ಲಿ ದುಡಿಯುತ್ತಾರೆ. ಮನೆಯಲ್ಲಿರುವುದು ಮುದುಕರು. ಅವ್ವನ ಬಿಪಿ 190 ಎಂದು ಪುಣೆಯ ಕಟ್ಟಡದ ಮೇಲೆ ನಿಂತ ಮಗನ ಮೊಬೈಲ್ ಸದ್ದು ಮಾಡಿದರೆ ಅವನು ಏನು ಮಾಡಿಯಾನು? ಅದು ನಿಜದ 190 ಹೌದೋ ಅಲ್ಲವೋ ಎಂದೂ ಅವನಿಗೆ ತಿಳಿಯದು. ಹೊಲದಿಂದ ಬಂದು ಐದು ನಿಮಿಷ ಕೂಡದೆ, ಕುಬಸದ ತೋಳಿನ ಮೇಲೇ ಪಟ್ಟಿ ಸುತ್ತಿ, ಮಾತಾಡುತ್ತ ಅಳೆದರೆ ಯಂತ್ರ ಹೆಚ್ಚೇ ತೋರಿಸುತ್ತದೆ. ಬರಿ ತೋಳಿಗೆ, ಎದೆಯ ಮಟ್ಟಕ್ಕೆ ಕೈ ಇಟ್ಟು, ಸುಮ್ಮನೆ ಕುಳಿತು ಎರಡು ಸಲ ಅಳೆಯಬೇಕು. ಇದನ್ನು ಕಲಿಸಲು ಒಬ್ಬರು ಮನೆಗೆ ಬರಲೇಬೇಕು. ಸರ್ಕಾರ ಯಂತ್ರಕ್ಕೆ ಹಣ ತೆಗೆದಿಡುವಾಗ ಆಶಾ ಕಾರ್ಯಕರ್ತೆಯ ಆ ಕೆಲಸಕ್ಕೂ ಹಣ ಇಡಲಿ ಎಂಬುದು ನನ್ನ ಒತ್ತಾಯ.

ಹಬ್ಬಕ್ಕೆ ಊರಿಗೆ ಬರುವಾಗ ಯಂತ್ರ ತರುವ ಮಕ್ಕಳಿಗೆ ಒಂದು ಮಾತು. ಎಷ್ಟು ದಾಟಿದರೆ ಹೊರಡಬೇಕು ಎಂದು ಡಾಕ್ಟರರನ್ನೇ ಕೇಳಿ, ಆ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನ ಪಕ್ಕ ದೊಡ್ಡದಾಗಿ ಬರೆಯಿರಿ. ಅದರ ಕೆಳಗೆ ಆಶಾ ಕಾರ್ಯಕರ್ತೆಯ ನಂಬರು. ಅದರ ಕೆಳಗೆ ಆಂಬುಲೆನ್ಸಿನ 108. ಕೊನೆಗೆ, ನಡುರಾತ್ರಿ ಬಾಗಿಲು ಬಡಿದರೂ ಎದ್ದು ಜೀಪು ತೆಗೆಯುವ ಓಣಿಯವರ ಹೆಸರು.