ಜಡೆ ಕೋಲಾಟದಲ್ಲಿ ತಪ್ಪಿದವರು ಯಾರು?

ಉದ್ಯಾವರದ ಒಂದು ಪ್ರೌಢಶಾಲೆಯಲ್ಲಿ ವಾರ್ಷಿಕೋತ್ಸವಕ್ಕೆ ನಾಲ್ಕು ದಿನಗಳಿರುವಾಗ ಸಂಜೆಯ ಅಭ್ಯಾಸವನ್ನು ನೋಡಲು ಹೋಗಿದ್ದೆವು. ಅಂಗಳದ ನಡುವೆ ಕಂಬ, ಅದರ ನೆತ್ತಿಯಿಂದ ಇಳಿಬಿಟ್ಟ ಬಣ್ಣದ ಪಟ್ಟಿಗಳು, ಒಂದೊಂದು ಪಟ್ಟಿಯನ್ನು ಹಿಡಿದ ಒಬ್ಬೊಬ್ಬ ಹುಡುಗಿ. ಹತ್ತು ಮಂದಿಯ ಮೇಳದಲ್ಲಿ ಒಬ್ಬಳಿಗೆ ಜ್ವರ. ಆದುದರಿಂದ ಐವರು ಪ್ರದಕ್ಷಿಣವಾಗಿಯೂ ನಾಲ್ವರು ಅಪ್ರದಕ್ಷಿಣವಾಗಿಯೂ ಹೊರಟರು. ಎದುರಾದವಳನ್ನು ಹೊರಗಿನಿಂದ ದಾಟಿದರೆ ಮುಂದಿನವಳನ್ನು ಒಳಗಿನಿಂದ ದಾಟಬೇಕು. ಜಡೆ ಹೆಣೆಯುವುದು ಹೀಗೆಯೇ. ಸ್ವಲ್ಪ ಹೊತ್ತಿನಲ್ಲಿ ಇಬ್ಬರು ಭುಜಕ್ಕೆ ಭುಜ ತಾಗಿಸಿ ನಿಂತರು. ಬೈಗುಳ ಬಿದ್ದುದು ಅವರಲ್ಲಿ ಚಿಕ್ಕವಳಿಗೆ. “ನಾನು ಸರಿಯಾಗಿಯೇ ಹೋದೆ, ಟೀಚರ್” ಎಂದಳು. ಕಣ್ಣು ತುಂಬಿತ್ತು.

ಅವಳ ಮಾತು ನಿಜವೇ? ವಾಚಕರು ಪೆನ್ಸಿಲು ಹಿಡಿದು ನಮ್ಮೊಡನೆ ಎಣಿಸಬೇಕು. ಐವರಲ್ಲಿ ಒಬ್ಬಳನ್ನು ‘ಅ’ ಎಂದೂ ನಾಲ್ವರಲ್ಲಿ ಒಬ್ಬಳನ್ನು ‘ಬ’ ಎಂದೂ ಕರೆಯೋಣ. ಮೊದಲ ಭೇಟಿಯಲ್ಲಿ ‘ಅ’ ಹೊರಗೆ, ‘ಬ’ ಒಳಗೆ. ಮತ್ತೆ ‘ಬ’ ಸಿಗುವ ಮೊದಲು ‘ಅ’ ಉಳಿದ ಮೂವರನ್ನು ದಾಟುತ್ತಾಳೆ; ಎರಡನೆಯ ಭೇಟಿ ಅವಳಿಗೆ ಅಲ್ಲಿಂದ ನಾಲ್ಕನೆಯ ದಾಟು. ನಾಲ್ಕು ಸಮಸಂಖ್ಯೆ, ಆದುದರಿಂದ ಪುನಃ ಹೊರಗೆ. ‘ಬ’ ಆದರೋ ನಡುವೆ ನಾಲ್ವರನ್ನು ದಾಟಿರುತ್ತಾಳೆ. ಅವಳಿಗೆ ಅದು ಐದನೆಯದು. ಐದು ವಿಷಮಸಂಖ್ಯೆ, ಒಳಗಿದ್ದವಳು ಈಗ ಹೊರಗೆ ಬರಬೇಕು. ಇಬ್ಬರೂ ಹೊರಗೆ! ಡಿಕ್ಕಿಯಾಗದೆ ಉಂಟೇ? ಇಬ್ಬರೂ ನಿಯಮವನ್ನು ಪಾಲಿಸಿದ್ದರಿಂದಲೇ ಡಿಕ್ಕಿಯಾಯಿತು. ಐವರಿಗೆ ಐವರು ಎದುರಿದ್ದರೆ ಇಬ್ಬರ ಲೆಕ್ಕವೂ ಐದೈದರಂತೆ ಮಗುಚುತ್ತದೆ. ಒಬ್ಬಳು ಒಳಗಾದರೆ ಇನ್ನೊಬ್ಬಳು ಹೊರಗೆ.

ಇಂಥ ತೊಡಕು ನಮ್ಮ ಕೋಲಾಟಕ್ಕೆ ಮಾತ್ರ ಸೇರಿದ್ದಲ್ಲ. ಇಂಗ್ಲೆಂಡಿನಲ್ಲಿ ಜಾನ್ ಪ್ಲೇಫರ್ಡ್ 1651ರಲ್ಲಿ ಪ್ರಕಟಿಸಿದ ನೃತ್ಯಪುಸ್ತಕದಲ್ಲಿ ಜೋಡಿಗಳು ಉದ್ದ ಸಾಲಿನಲ್ಲಿ ನಿಂತು ಆಡುವ ಕುಣಿತಗಳಿವೆ. ಆ ವಂಶದ ‘ಕಾಂಟ್ರಾ’ ಕುಣಿತ ಅಮೆರಿಕದಲ್ಲಿ ಇಂದಿಗೂ ಜೀವಂತವಾಗಿದೆ. ಅಲ್ಲಿ ಒಬ್ಬ ಕರೆಗಾರ ಹೆಜ್ಜೆಗಳನ್ನು ಕೂಗಿ ಹೇಳುತ್ತಾನೆ. ಪ್ರತಿ ಸುತ್ತಿಗೂ ಜೋಡಿಗಳು ಒಂದೊಂದು ಸ್ಥಾನ ಸರಿಯುತ್ತವೆ, ಕೆಲವು ಮೇಲಕ್ಕೆ, ಕೆಲವು ಕೆಳಕ್ಕೆ. ಸಾಲಿನ ತುದಿ ತಲುಪಿದ ಜೋಡಿಗೆ ಎದುರಿಗೆ ಯಾರೂ ಇಲ್ಲ. ಅದು ಸುಮ್ಮನೆ ಒಂದು ಸುತ್ತು ಕಾದು, ತಮ್ಮೊಳಗೆ ಬದಿ ಬದಲಿಸಿಕೊಂಡು, ಹಿಂದಿರುಗಬೇಕು. ಹೀಗೆ ಕಾದರೆ ಆರು ಜೋಡಿಗಳ ಸಾಲು ಆರು ಸುತ್ತುಗಳಲ್ಲಿ ಪೂರ್ತಿ ತಿರುವುಮುರುವಾಗುತ್ತದೆ. ಪ್ರತಿಯೊಂದು ಜೋಡಿಯೂ ಉಳಿದ ಐದನ್ನು ಒಂದೊಂದೇ ಸಲ ಸಂಧಿಸಿರುತ್ತದೆ. ಕಾಯದೆ ಹಿಂದಿರುಗಿದರೆ ಸಾಲೆಲ್ಲ ಕೆಡುತ್ತದೆ.

ಭೌತವಿಜ್ಞಾನಿಗೂ ತುದಿಯೆಂದರೆ ತಲೆನೋವೇ. ತೆರೆದ ಕೊಳವೆಯ ನಾದವನ್ನು ಗಣಿಸುವಾಗ ತೆರೆದ ತುದಿಗೆ ತ್ರಿಜ್ಯದ ಸುಮಾರು 0.6ರಷ್ಟು ಉದ್ದವನ್ನು ಕೂಡಿಸಬೇಕೆಂದು ಕಾಲೇಜು ವಿದ್ಯಾರ್ಥಿಗಳು ಬಲ್ಲರು. 1912ರಲ್ಲಿ ಬಾರ್ನ್ ಮತ್ತು ಫಾನ್ ಕಾರ್ಮಾನ್ ಹರಳಿನ ಪರಮಾಣುಗಳ ಕಂಪನವನ್ನು ಗಣಿಸಲು ಪರಮಾಣುಸಾಲಿನ ಎರಡೂ ತುದಿಗಳನ್ನು ಕಾಗದದ ಮೇಲೆ ಜೋಡಿಸಿ ಉಂಗುರ ಮಾಡಿದರು. ನಮ್ಮ ಕೋಲಾಟದವರು ಅಂಗಳದಲ್ಲೇ ಉಂಗುರ ಮಾಡಿದ್ದಾರೆ! ಆದರೆ ಹುಡುಗಿಯರು ಒಂಬತ್ತೇ ಆದಾಗ ಉಂಗುರದಲ್ಲಿಯೂ ತುದಿ ಹುಟ್ಟಿತು: ಪ್ರತಿ ತಾಳಕ್ಕೂ ನಾಲ್ಕು ಜೋಡಿಗಳು ದಾಟುವಾಗ ಒಬ್ಬಳು ಒಂಟಿ. ಅವಳು ಆ ತಾಳವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ದೋಷವಿದ್ದುದು ಇಲ್ಲಿ.

ಪರಿಹಾರವೂ ಅಲ್ಲಿಯೇ ಇತ್ತು. ಜ್ವರದ ಹುಡುಗಿಯ ಜಾಗವನ್ನು ಮುಚ್ಚದೆ ಖಾಲಿ ಬಿಡಿರಿ, ಆ ಖಾಲಿ ಜಾಗವೂ ನಾಲ್ವರೊಡನೆ ಸುತ್ತುತ್ತಿದೆಯೆಂದು ಭಾವಿಸಿರಿ, ಅದು ಎದುರಾದವಳು ಗಾಳಿಯನ್ನೇ ದಾಟಿ ಎಣಿಕೆ ಮುಂದುವರಿಸಲಿ ಎಂದೆವು. ಹುಡುಗಿಯರು ನಕ್ಕರು. ಆದರೂ ಹಾಡು ಹಿಡಿದರು. ಮೂರು ಸುತ್ತುಗಳಾದರೂ ಯಾರಿಗೂ ಯಾರೂ ತಾಗಲಿಲ್ಲ. ಜಡೆಯಲ್ಲಿ ಒಂದು ಬಣ್ಣದ ಎಳೆ ಕಾಣೆಯಾಗಿತ್ತು, ಅಷ್ಟೆ.

ಬಿಚ್ಚುವಾಗ ಕೊನೆಯ ದಾಟನ್ನು ಮೊದಲು ಹಿಂದೆಗೆಯಬೇಕಷ್ಟೆ. ಕೊನೆಗೆ ಖಾಲಿ ಜಾಗವನ್ನು ದಾಟಿದ್ದವಳು ಆ ಚಿಕ್ಕ ಹುಡುಗಿಯೇ. ಅವಳು ಮರೆಯದೆ, ಯಾರೂ ಇಲ್ಲದ ಕಡೆಯನ್ನು ಸುತ್ತಿ, ಹಿಂದಕ್ಕೆ ಹೊರಟಳು.