ವೈಫೈ ಫುಲ್ ಇದೆ, ನೆಟ್ ಮಾತ್ರ ಇಲ್ಲ: ಲೈನ್ ಕಟ್ ಆಗಿಲ್ಲ, ಅಡ್ರೆಸ್ ಸಿಕ್ಕಿಲ್ಲ!

ಲಗ್ಗೆರೆ: ಫೋನಲ್ಲಿ ವೈಫೈ ಗುರುತು ಫುಲ್ ಇರುತ್ತೆ. ರೂಟರ್ ಲೈಟೂ ಉರೀತಿರುತ್ತೆ. ಆದರೆ ಬಿಲ್ಲಿಂಗ್ ಕಂಪ್ಯೂಟರ್ ನಿಂತುಬಿಟ್ಟಿರುತ್ತೆ, ಕಾರ್ಡ್ ಮಷೀನ್ ಸುತ್ತುತ್ತಲೇ ಇರುತ್ತೆ. ಸಂಜೆ ವ್ಯಾಪಾರದ ಹೊತ್ತಲ್ಲಿ ಹೀಗಾದರೆ ಗಿರಾಕಿ ಸಾಮಾನು ಅಲ್ಲೇ ಇಟ್ಟು ಪಕ್ಕದ ಅಂಗಡಿಗೆ ಹೋಗ್ತಾರೆ. ಕೇಬಲ್‌ನವರಿಗೆ ಫೋನ್ ಮಾಡಿದರೆ ಸಾಮಾನ್ಯವಾಗಿ ಸಿಗೋ ಉತ್ತರ ಒಂದೇ: 'ಆಫ್ ಮಾಡಿ ಆನ್ ಮಾಡಿ ನೋಡಿ ಸಾರ್'.

ಎಷ್ಟೋ ಸಲ ಲೈನ್ ಚೆನ್ನಾಗೇ ಇರುತ್ತೆ. ಕಂಪ್ಯೂಟರಿಗೆ ಐಪಿ ಅಡ್ರೆಸ್ ಸಿಕ್ಕಿರೋದಿಲ್ಲ, ಇಲ್ಲವೇ ತಪ್ಪು ಅಡ್ರೆಸ್ ಸಿಕ್ಕಿರುತ್ತೆ. ಆ ನಂಬರ್ ಓದೋಕೆ ಬಂದರೆ ತೊಂದರೆ ಅಂಗಡಿಯೊಳಗಿದೆಯೋ, ಬಿಲ್ಡಿಂಗ್‌ನಲ್ಲಿದೆಯೋ, ಕೇಬಲ್‌ನವರ ಕಡೆ ಇದೆಯೋ ಅಂತ ಬೇಗ ಗೊತ್ತಾಗುತ್ತೆ.

ಐಪಿ ಅಡ್ರೆಸ್ ಅಂದರೆ ನೆಟ್‌ವರ್ಕ್‌ನಲ್ಲಿ ಮಷೀನಿನ ಮನೆ ನಂಬರ್. ನಮ್ಮ ಕಡೆ ಒಂದೇ ರಸ್ತೆಯಲ್ಲಿ ಹಳೇ ನಂಬರ್, ಹೊಸ ನಂಬರ್ ಅಂತ ಎರಡು ಮನೆಗೆ ಒಂದೇ ನಂಬರ್ ಬಿದ್ದು ಕೊರಿಯರ್ ಹುಡುಗ ಸುತ್ತೋದು ಹೊಸದೇನಲ್ಲ. ಕಂಪ್ಯೂಟರ್‌ಗಳಲ್ಲಿ ಹಾಗಾಗಬಾರದು ಅಂತಲೇ 1993ರಲ್ಲಿ ಡಿಎಚ್‌ಸಿಪಿ ಅನ್ನೋ ಪದ್ಧತಿ ಬಂತು. ಮಷೀನ್ ಆನ್ ಆದಾಗ 'ನನಗೊಂದು ನಂಬರ್ ಕೊಡಿ' ಅಂತ ಕೂಗುತ್ತೆ, ರೂಟರ್ ಖಾಲಿ ಇರೋದೊಂದನ್ನ ಇಷ್ಟು ಹೊತ್ತಿಗೆ ಅಂತ ಬಾಡಿಗೆಗೆ ಕೊಡುತ್ತೆ. ಅವಧಿ ಅರ್ಧ ಮುಗಿದಾಗ ಮಷೀನ್ ಮತ್ತೆ ಕೇಳಿ ಮುಂದುವರಿಸಿಕೊಳ್ಳುತ್ತೆ.

ಯಾರೂ ಉತ್ತರ ಕೊಡದಿದ್ದರೆ? ವಿಂಡೋಸ್ ಕಂಪ್ಯೂಟರ್ 169.254ರಿಂದ ಶುರುವಾಗೋ ನಂಬರೊಂದನ್ನ ತಾನೇ ಹಾಕಿಕೊಳ್ಳುತ್ತೆ. ಐಫೋನ್ ಕೂಡ ಹಾಗೇ. ಆಂಡ್ರಾಯ್ಡ್ ಫೋನ್ 'ಐಪಿ ಅಡ್ರೆಸ್ ಪಡೆಯಲಾಗುತ್ತಿದೆ' ಅನ್ನೋ ಅರ್ಥದ ಸಾಲು ತೋರಿಸಿ ಅಲ್ಲೇ ನಿಂತುಬಿಡುತ್ತೆ. ಕಂಪ್ಯೂಟರಿನಲ್ಲಿ ನೋಡೋಕೆ ಕಮಾಂಡ್ ಪ್ರಾಂಪ್ಟ್ ತೆಗೆದು 'ಐಪಿಕಾನ್ಫಿಗ್' ಅಂತ ಟೈಪ್ ಮಾಡಬೇಕು. ಫೋನಲ್ಲಿ ವೈಫೈ ಸೆಟ್ಟಿಂಗ್ಸ್‌ನಲ್ಲಿ ಆ ವೈಫೈ ಹೆಸರು ಒತ್ತಿದರೆ ಸಾಕು. 169.254 ಕಂಡರೆ ತೊಂದರೆ ಕಂಪ್ಯೂಟರಿಂದ ರೂಟರ್‌ವರೆಗಿನ ಜಾಗದಲ್ಲೇ ಇದೆ. ವೈರ್ ಸಡಿಲವೋ, ನಡುವಿನ ಸ್ವಿಚ್ ಆಫ್ ಆಗಿದೆಯೋ, ರೂಟರ್ ಹ್ಯಾಂಗ್ ಆಗಿದೆಯೋ ನೋಡಬೇಕು. 192.168 ಅಂತ ಬಂದು, ರೂಟರ್ ಪೇಜ್ ತೆರೆದುಕೊಂಡೂ ನೆಟ್ ಇಲ್ಲ ಅಂದರೆ ಆಗ ಕೇಬಲ್‌ನವರಿಗೆ ಫೋನ್ ಮಾಡೋದು ಸರಿ.

ಒಂದು ಎಚ್ಚರಿಕೆ. ರೂಟರ್ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಬೇಡಿ. ಅದು ಆಫ್-ಆನ್ ಅಲ್ಲ, ಒಳಗಿನ ಸೆಟ್ಟಿಂಗೆಲ್ಲ ಅಳಿಸಿಹೋಗುತ್ತೆ. ಯೂಸರ್ ನೇಮ್, ಪಾಸ್‌ವರ್ಡ್ ಹಾಕಿರೋ ಲೈನ್ ಆದರೆ ಕೇಬಲ್ ಹುಡುಗ ಬರೋವರೆಗೂ ಕಾಯಬೇಕು.

ಎಲ್ಲಕ್ಕಿಂತ ಹೆಚ್ಚು ತಲೆ ತಿನ್ನೋದು ಇನ್ನೊಂದಿದೆ. ಲಗ್ಗೆರೆ, ಚೌಡೇಶ್ವರಿ ನಗರ, ಪೀಣ್ಯ ಕಡೆಯ ಪಿಜಿ, ಕಾಂಪ್ಲೆಕ್ಸ್, ಗಾರ್ಮೆಂಟ್ಸ್ ಯೂನಿಟ್‌ಗಳಂಥ ಜಾಗದಲ್ಲಿ ಒಂದೇ ಲೈನ್ ತಂದು, ಸ್ವಿಚ್ ಹಾಕಿ, ಮಹಡಿ ಮಹಡಿಗೂ ವೈರ್ ಎಳೆದುಕೊಳ್ಳೋದುಂಟು. ಅಲ್ಲಿ ಮೂರನೇ ಮಹಡಿಯವರು ಸಿಗ್ನಲ್ ಸಾಲದು ಅಂತ ಹಳೇ ರೂಟರ್ ಒಂದನ್ನ ತಂದು ಸಿಗಿಸ್ತಾರೆ. ರೂಟರಿನಲ್ಲಿ ಒಳಬರೋ ಲೈನಿಗೆ ವ್ಯಾನ್ ಪೋರ್ಟ್ ಒಂದೇ ಇರೋದು, ಅದಕ್ಕೆ ಸಾಮಾನ್ಯವಾಗಿ ಬೇರೆ ಬಣ್ಣ. ಅದರ ಬದಲು ಲ್ಯಾನ್ ಪೋರ್ಟಿಗೆ ವೈರ್ ಸಿಗಿಸಿದರೆ ಆ ಹಳೇ ರೂಟರ್ ಇಡೀ ಬಿಲ್ಡಿಂಗಿಗೆ ತಾನೇ ಯಜಮಾನ ಅಂದುಕೊಂಡು ನಂಬರ್ ಹಂಚೋಕೆ ಶುರು ಮಾಡುತ್ತೆ. ಕಂಪ್ಯೂಟರ್‌ಗಳು ಸಾಮಾನ್ಯವಾಗಿ ಮೊದಲು ಯಾರು ಕೊಟ್ಟರೋ ಅವರದ್ದೇ ತಗೊಳ್ತವೆ. ತಗೊಂಡವರಿಗೆ ಅಡ್ರೆಸ್ ಇರುತ್ತೆ, ಹೊರಗೆ ಹೋಗೋ ದಾರಿ ಇರಲ್ಲ. ಹಳೇ ನಂಬರಿನ ಅವಧಿ ಮುಗಿಯದವರಿಗೆ ನೆಟ್ ಬರ್ತಾನೇ ಇರುತ್ತೆ. ಹಾಗಾಗಿ ಕೆಳಗಿನ ಅಂಗಡಿಗೆ ಇದೆ, ಪಕ್ಕದವರಿಗಿಲ್ಲ ಅನ್ನೋ ಪರಿಸ್ಥಿತಿ. ಜಗಳ ಹತ್ತೋದು ಇಲ್ಲೇ, ಬಿಲ್ಡಿಂಗ್ ಓನರ್ ಬೇಕಂತಲೇ ಕಟ್ ಮಾಡಿದ್ದಾರೆ ಅಂತ.

ಕಂಡುಹಿಡಿಯೋದು ಕಷ್ಟವಿಲ್ಲ. ಐಪಿಕಾನ್ಫಿಗ್‌ನಲ್ಲಿ 'ಡೀಫಾಲ್ಟ್ ಗೇಟ್‌ವೇ' ಅಂತ ಒಂದು ಸಾಲು ಇರುತ್ತೆ. ನೆಟ್ ಬರ್ತಿರೋರದ್ದೂ ಬರದೇ ಇರೋರದ್ದೂ ಬೇರೆ ಬೇರೆ ಬಂದರೆ ಇನ್ನೊಂದು ರೂಟರ್ ಸೇರಿಕೊಂಡಿದೆ ಅಂತಲೇ ಅರ್ಥ. ಸ್ವಿಚ್ಚಿಂದ ಒಂದೊಂದೇ ವೈರ್ ತೆಗೆದು, ನೆಟ್ ಇಲ್ಲದ ಕಂಪ್ಯೂಟರಿಗೆ ಹೊಸ ನಂಬರ್ ಕೇಳಿ ನೋಡಿ ('ಐಪಿಕಾನ್ಫಿಗ್', ಒಂದು ಜಾಗ ಬಿಟ್ಟು ಅಡ್ಡಗೆರೆ ಹಾಕಿ 'ರಿನ್ಯೂ'). ಯಾವ ವೈರ್ ತೆಗೆದಾಗ ಸರಿಹೋಯಿತೋ ಆ ಮಹಡಿಯದ್ದೇ ತೊಂದರೆ. ಆ ರೂಟರಿನ ವೈರನ್ನ ವ್ಯಾನ್ ಪೋರ್ಟಿಗೆ ಹಾಕಬೇಕು. ಇಲ್ಲವೇ ಅದರ ಡಿಎಚ್‌ಸಿಪಿ ಆಫ್ ಮಾಡಿ, ಅದರ ಸ್ವಂತ ಅಡ್ರೆಸ್ಸನ್ನೂ ಬದಲಿಸಬೇಕು. ಎರಡನೆಯದನ್ನ ಬಹಳ ಜನ ಮರೀತಾರೆ. ಮರೆತರೆ ಎರಡೂ ರೂಟರಿಗೆ ಒಂದೇ ನಂಬರ್ ಬಿದ್ದು ಮತ್ತೆ ಅದೇ ಗೋಳು. ಕಾರ್ಖಾನೆಯವರಾದರೆ 'ಡಿಎಚ್‌ಸಿಪಿ ಸ್ನೂಪಿಂಗ್' ಇರೋ ಸ್ವಿಚ್ ಹಾಕಿಸಬಹುದು, ಅದು ಇಂಥ ಕಳ್ಳ ಉತ್ತರಗಳನ್ನ ತಡೆಯುತ್ತೆ. ಅಗ್ಗದ ಸ್ವಿಚ್‌ಗಳಲ್ಲಿ ಅದು ಇರಲ್ಲ.

ಬಿಲ್ ಪ್ರಿಂಟರ್ ಆಗಾಗ ಸತ್ತು ಬದುಕ್ತಿದ್ದರೆ ಅದು ಎರಡು ಮಷೀನಿಗೆ ಒಂದೇ ನಂಬರ್ ಬಿದ್ದಿರೋ ಲಕ್ಷಣ. ಪ್ರಿಂಟರ್ ಅಥವಾ ಸಿಸಿಟಿವಿ ಹಾಕಿದವರು ಕೈಯಾರೆ ಒಂದು ನಂಬರ್ ಕೂರಿಸಿರ್ತಾರೆ, ರೂಟರಿಗೆ ಅದು ಗೊತ್ತಿಲ್ಲದೆ ಯಾರದೋ ಫೋನಿಗೂ ಅದನ್ನೇ ಕೊಡುತ್ತೆ. ರೂಟರ್ ಪೇಜಿನಲ್ಲಿ 'ಅಡ್ರೆಸ್ ರಿಸರ್ವೇಶನ್' ಮಾಡಿಸಿದರೆ ಮುಗೀತು.

ಗಿರಾಕಿಗಳಿಗೆ ವೈಫೈ ಕೊಡೋ ಹೋಟೆಲ್‌ಗಳಲ್ಲಿ ನಂಬರೇ ಖಾಲಿಯಾಗುತ್ತೆ. ಕೆಲವು ರೂಟರ್ 100ರಿಂದ 199ರವರೆಗೆ, ಅಂದರೆ ಬರೀ 100 ನಂಬರ್ ಹಂಚುತ್ತೆ. ಬಾಡಿಗೆ ಅವಧಿ 24 ಗಂಟೆ ಇದ್ದರೆ ಬೆಳಿಗ್ಗೆ ಕಾಫಿ ಕುಡಿದು ಹೋದವರ ನಂಬರ್ ರಾತ್ರಿಯೂ ಅವರ ಹೆಸರಲ್ಲೇ ಇರುತ್ತೆ. ಈಗಿನ ಫೋನ್‌ಗಳು ಒಂದೊಂದು ವೈಫೈ ಹೆಸರಿಗೆ ಒಂದೊಂದು ಗುರುತು ತೋರಿಸೋದರಿಂದ, ಒಂದೇ ರೂಟರಿಗೆ ಎರಡು ಹೆಸರಿದ್ದರೆ ಒಂದೇ ಫೋನ್ ಎರಡು ನಂಬರ್ ಹಿಡಿದುಕೊಳ್ಳಬಹುದು. ಅವಧಿಯನ್ನ 1 ಗಂಟೆಗೆ ಇಳಿಸಿ, ಬಿಲ್ಲಿಂಗ್‌ಗೆ ಬೇರೆ ರೂಟರೋ ಲೈನೋ ಇಟ್ಟರೆ ಒಳ್ಳೇದು.

ಇನ್ನು, ಅಂಗಡಿ ಕ್ಯಾಮೆರಾ ಮನೆಯಿಂದ ಕಾಣ್ತಿಲ್ಲ ಅನ್ನೋ ದೂರು. ಹಳೇ ಪದ್ಧತಿಯ ಐಪಿ ಅಡ್ರೆಸ್‌ಗಳು ಜಗತ್ತಿಗೆಲ್ಲ ಸೇರಿ ಸುಮಾರು 430 ಕೋಟಿ ಮಾತ್ರ. ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲೇ ಖಾಲಿಯಾಯಿತು. ಅದಕ್ಕೇ ಅನೇಕ ಕಂಪನಿಗಳು ಒಂದೇ ಹೊರಗಿನ ಅಡ್ರೆಸ್ಸನ್ನ ಬಹಳ ಮನೆಗಳಿಗೆ ಹಂಚ್ತವೆ. ರೂಟರ್ ಪೇಜಿನ ವ್ಯಾನ್ ಐಪಿ 10ರಿಂದಲೋ, 100.64ರಿಂದ 100.127ರ ಒಳಗಿನ ನಂಬರಿಂದಲೋ ಶುರುವಾಗಿದ್ದರೆ ನಿಮ್ಮದೂ ಹಂಚಿಕೆಯದ್ದೇ. ಆಗ ಹೊರಗಿಂದ ನೇರವಾಗಿ ಕ್ಯಾಮೆರಾ ತಲುಪೋಕಾಗಲ್ಲ. ಕ್ಯಾಮೆರಾ ಕಂಪನಿಯ ಕ್ಲೌಡ್ ಆ್ಯಪ್ ಬಳಸಬೇಕು, ಇಲ್ಲವೇ ಕೇಬಲ್‌ನವರ ಹತ್ತಿರ ಪಬ್ಲಿಕ್ ಸ್ಟ್ಯಾಟಿಕ್ ಐಪಿ ಕೇಳಬೇಕು. ಅದಕ್ಕೆ ಬೇರೆ ದುಡ್ಡು ಕೇಳೋದು ಮಾಮೂಲು, ಎಷ್ಟು ಅಂತ ಮೊದಲೇ ಮಾತಾಡಿಕೊಳ್ಳಿ.