“ಮಿಸ್ತ್ರಿ, ಇನ್ನೊಂದು ವರ್ಷ ನಡೀತದೇನು?”

ಹಳೆ ಕಾರು ತಂದು ನಮ್ಮ ಗ್ಯಾರೇಜಿನ ಮುಂದೆ ನಿಲ್ಲಿಸುವವರು ಶಾಕಬ್ಸರ್ ಮಾತು ಬಂದಾಗ ತಪ್ಪದೆ ಕೇಳುವ ಪ್ರಶ್ನೆ ಇದು. ಬ್ರೇಕ್ ಹೋಗಿದೆ ಎಂದರೆ ಯಾರೂ ಹೀಗೆ ಕೇಳುವುದಿಲ್ಲ, ತಕ್ಷಣ ರಿಪೇರಿ ಮಾಡಿ ಎನ್ನುತ್ತಾರೆ. ಶಾಕ್ ಅಬ್ಸಾರ್ಬರ್ ಎಂದರೆ ಮೈ ನೋಯದಂತೆ ಕೂರಲು ಮಾಡಿದ ಸೌಕರ್ಯ, ಅದು ಸತ್ತರೂ ಗಾಡಿ ಓಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿ ಬೇರೂರಿದೆ. ಸಿಂದಗಿಯಲ್ಲಿ ಕೂತು ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಗಾಡಿಗಳ ಹೊಟ್ಟೆ ನೋಡುತ್ತ ಬಂದ ನನಗೆ ಈ ನಂಬಿಕೆಯ ಬಗ್ಗೆ ನಿಜವಾಗಿ ಹೆದರಿಕೆಯಿದೆ. ಶಾಕಬ್ಸರಿನ ಮೊದಲ ಕೆಲಸ ಟೈರನ್ನು ರಸ್ತೆಗೆ ಹಚ್ಚಿ ಹಿಡಿಯುವುದು. ಟೈರು ನೆಲ ಹಿಡಿದಿದ್ದರೆ ಮಾತ್ರ ಬ್ರೇಕು, ಸ್ಟಿಯರಿಂಗು ನಮ್ಮ ಮಾತು ಕೇಳುತ್ತವೆ. ಹಾಗಾಗಿ ಇದನ್ನು ಬ್ರೇಕಿನ ಸಾಲಿಗೆ ಸೇರಿಸಿ ನೋಡಿ ಎಂದು ಎಲ್ಲರಿಗೂ ಹೇಳುತ್ತೇನೆ.

ಗಾಡಿಯ ಭಾರ ಹೊರುವುದು ಸ್ಪ್ರಿಂಗ್. ಬೊಲೆರೊದ ಹಿಂದೆ ಪಾಟಾ, ಆಲ್ಟೊ, ಸ್ವಿಫ್ಟ್‌ಗಳಲ್ಲಿ ಸುರುಳಿ. ಚಕ್ರ ಉಬ್ಬು ಹತ್ತಿದಾಗ ಸ್ಪ್ರಿಂಗ್ ಕುಗ್ಗುತ್ತದೆ, ಇಳಿದಾಗ ಚಿಮ್ಮುತ್ತದೆ, ಅದರ ಪಾಡಿಗೆ ಬಿಟ್ಟರೆ ಕುಣಿಯುತ್ತಲೇ ಇರುತ್ತದೆ. ಆ ಕುಣಿತವನ್ನು ಅಡಗಿಸಲು ಶಾಕಬ್ಸರ್ ಬೇಕು. ಎಣ್ಣೆ ತುಂಬಿದ ಕೊಳವೆ, ಅದರೊಳಗೆ ಪಿಸ್ಟನ್, ಪಿಸ್ಟನ್ನಿಗೆ ಸಣ್ಣ ತೂತುಗಳು ಮತ್ತು ವಾಲ್ವುಗಳು – ಇಷ್ಟೇ ಅದರ ಸಂಸಾರ. ರಾಡು ಮೇಲೆ ಕೆಳಗೆ ಆಡಬೇಕಾದರೆ ಎಣ್ಣೆ ಆ ತೂತುಗಳಲ್ಲೇ ನುಸುಳಬೇಕು. ಸೈಕಲ್ ಪಂಪಿನ ಬಾಯಿಗೆ ಬೆರಳು ಅಡ್ಡ ಹಿಡಿದು ಒತ್ತಿದರೆ ಕೈಗೆ ತಡೆ ಸಿಗುವ ಹಾಗೆ ಇಲ್ಲಿಯೂ ತಡೆ ಹುಟ್ಟುತ್ತದೆ. ಕುಣಿತದ ಶಕ್ತಿಯೆಲ್ಲ ಬಿಸಿಯಾಗಿ ಎಣ್ಣೆಗೆ ಇಳಿಯುತ್ತದೆ. ಗ್ಯಾಸ್ ಶಾಕಬ್ಸರ್ ಎಂದು ಮಾರುವುದರಲ್ಲೂ ದುಡಿಯುವುದು ಎಣ್ಣೆಯೇ. ಒತ್ತಿ ತುಂಬಿದ ನೈಟ್ರೋಜನ್ ಆ ಎಣ್ಣೆ ನೊರೆ ಬರದಂತೆ ಕಾಯುತ್ತದೆ.

ವರ್ಷ ಕಳೆದಂತೆ ಸೀಲು ಸವೆಯುತ್ತದೆ, ವಾಲ್ವು ಸಡಿಲಾಗುತ್ತದೆ. ಇದು ನಿಧಾನಕ್ಕೆ ಆಗುವ ಸವೆತವಾದ್ದರಿಂದ ದಿನವೂ ಸ್ಟಿಯರಿಂಗ್ ಹಿಡಿಯುವವನ ಮೈ ಅದಕ್ಕೆ ಒಗ್ಗಿಹೋಗಿರುತ್ತದೆ. ಅದಕ್ಕೇ ನಾನು ಮೊದಲು ಮಾತಾಡಿಸುವುದು ಹಿಂದಿನ ಸೀಟಿನಲ್ಲಿ ಕೂತು ಬಂದವರನ್ನು. “ಯಕ್ಕಾರ, ಹಂಪ್ಸ್ ದಾಟಿದ ಮ್ಯಾಲೆ ಗಾಡಿ ಎಷ್ಟೊತ್ತು ತೂಗಾಡ್ತದರಿ?” ಎಂದರೆ, ಯಜಮಾನರು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಸರಿಯಾದ ಉತ್ತರ ಬಂದಿರುತ್ತದೆ.

ನಮ್ಮ ಸೀಮೆಯ ಮಣ್ಣಿನ ಬಗ್ಗೆ ಒಂದಿಷ್ಟು ಹೇಳಲೇಬೇಕು. ಈ ನಾಲ್ಕೂ ತಾಲ್ಲೂಕುಗಳಲ್ಲಿ ಎರಿ ಭೂಮಿಯೇ ಹೆಚ್ಚು. ಮಳೆ ಬಿದ್ದರೆ ಹಿಗ್ಗುತ್ತದೆ, ಬೇಸಿಗೆಗೆ ಬಿರುಕು ಬಿಟ್ಟು ಕುಗ್ಗುತ್ತದೆ. ಅದರ ಮೇಲೆ ಹಾಸಿದ ಡಾಂಬರೂ ಅದರ ಜೊತೆಗೇ ಏಳುತ್ತದೆ, ಇಳಿಯುತ್ತದೆ. ಸಾಲದ್ದಕ್ಕೆ ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು. ಇಂಡಿಯಿಂದ ಝಳಕಿಯತ್ತ ಹೋಗಲಿ, ಮುದ್ದೇಬಿಹಾಳದಿಂದ ನಾಲತವಾಡದತ್ತ ಹೋಗಲಿ, ತೆಗ್ಗಿಲ್ಲದ ರಸ್ತೆಯಲ್ಲೂ ಉದ್ದುದ್ದ ಅಲೆಗಳು ಸಿಗುತ್ತವೆ. ತೆಗ್ಗು ಕಣ್ಣಿಗೆ ಕಾಣುತ್ತದೆ, ಬ್ರೇಕ್ ಹಾಕುತ್ತೇವೆ. ಅದು ಪೆಟ್ಟು ಕೊಡುವುದು ಹೆಚ್ಚಾಗಿ ಟೈರು, ರಿಮ್ಮು, ಬುಶ್‌ಗಳಿಗೆ. ಅಲೆ ಕಾಣುವುದಿಲ್ಲ, ವೇಗವಾಗಿಯೇ ಹೋಗುತ್ತೇವೆ; ಸವೆದ ಶಾಕಬ್ಸರ್ ನಮ್ಮನ್ನು ಅಪಾಯಕ್ಕೆ ತಳ್ಳುವುದು ಅಲ್ಲೇ.

ಇದರ ಹಿಂದೆ ಒಂದು ಸರಳ ಲೆಕ್ಕವಿದೆ. ಸಣ್ಣ ಕಾರಿನ ಮೈ ಸ್ಪ್ರಿಂಗುಗಳ ಮೇಲೆ ಸೆಕೆಂಡಿಗೆ ಹೆಚ್ಚುಕಡಿಮೆ ಒಂದೂವರೆ ಸಲ ತೂಗುತ್ತದೆ. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಅಂದರೆ 11 ಮೀಟರಿಗೊಂದರಂತೆ ಉಬ್ಬು ಬಂದರೆ ಪ್ರತಿ ಉಬ್ಬೂ ಕಾರನ್ನು ಅದರ ತೂಗಾಟದ ತಾಳಕ್ಕೆ ಸರಿಯಾಗಿ ಮೇಲೆತ್ತುತ್ತದೆ. ಶಾಕಬ್ಸರ್ ಗಟ್ಟಿಯಿದ್ದರೆ ಮೊದಲ ತೂಗಾಟವೇ ಕೊನೆಯದು. ಸವೆದಿದ್ದರೆ ಎರಡನೆಯದು ಮೊದಲಿನದಕ್ಕಿಂತ ದೊಡ್ಡದು, ಮೂರನೆಯದು ಇನ್ನೂ ದೊಡ್ಡದು. ಆ ಗಳಿಗೆಯಲ್ಲಿ ಎದುರಿಗೆ ಎಮ್ಮೆ ಬಂದು ಬ್ರೇಕ್ ತುಳಿದರೆ ಚಕ್ರ ಅರ್ಧ ಗಾಳಿಯಲ್ಲಿರುತ್ತದೆ. 2019ರ ಏಪ್ರಿಲ್ ನಂತರ ತಯಾರಾದ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಯಿತು. ಅದಕ್ಕೂ ಹಿಂದಿನ ಬಹಳಷ್ಟು ಸಣ್ಣ ಕಾರುಗಳಲ್ಲಿ ಅದಿಲ್ಲ. ಹಗುರಾದ ಚಕ್ರ ಅಲ್ಲೇ ಜಾಮ್ ಆಗಿ ಜಾರುತ್ತದೆ.

ಊರ ಬಾಯಿಯ ಹಂಪ್ಸುಗಳದ್ದು ಇನ್ನೊಂದು ಕಥೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯಂತೆ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಹಳ್ಳಿಯವರು ಮಕ್ಕಳ ಜೀವಕ್ಕೆ ಹೆದರಿ ತಾವೇ ಕಟ್ಟಿದ ಹಂಪುಗಳು ಗೇಣು ಅಗಲದವು, ಚೂಪಾದವು. ಅವರ ಹೆದರಿಕೆ ನ್ಯಾಯವಾದದ್ದೇ. ಆದರೆ ಶಾಕಬ್ಸರಿನ ಸೀಲಿಗೆ ಅಂಥ ಪೆಟ್ಟು ದಿನವೂ ಬೀಳುತ್ತದೆ. ತಯಾರಕರು ಸಾಮಾನ್ಯವಾಗಿ 80,000 ಕಿ.ಮೀ. ಹೊತ್ತಿಗೆ ಪರೀಕ್ಷಿಸಿ ಎನ್ನುತ್ತಾರೆ. ನಮ್ಮ ರಸ್ತೆಗಳಲ್ಲಿ 50,000 ದಾಟಿದ ಮೇಲೆ ಪ್ರತಿ ಸರ್ವಿಸಿನಲ್ಲೂ ನೋಡಿಸುವುದು ಒಳ್ಳೆಯದು. ಹಾಗೆಂದು ಮೀಟರ್ ಓದಿ ಬದಲಿಸಲು ಹೋಗಬೇಡಿ. ಹೆದ್ದಾರಿಯಲ್ಲೇ ಓಡಿದ ಗಾಡಿ ಲಕ್ಷ ದಾಟಿಯೂ ಗಟ್ಟಿ ಇರಬಹುದು.

ಹಾಗಾದರೆ ನೋಡುವುದು ಹೇಗೆ? ಕಾರಿನ ಒಂದು ಮೂಲೆಯನ್ನು ಜೋರಾಗಿ ಒತ್ತಿ ಬಿಡುವ ಪರೀಕ್ಷೆ ಎಲ್ಲರಿಗೂ ಗೊತ್ತು. ಮೇಲೆದ್ದು ಒಮ್ಮೆ ಕೂತು ನಿಂತರೆ ಸರಿ, ಮತ್ತೆ ಮತ್ತೆ ಆಡಿದರೆ ಹೋಗಿದೆ. ಆದರೆ ಇದರಲ್ಲಿ ಸಿಕ್ಕಿಬೀಳುವುದು ಪೂರ್ತಿ ಸತ್ತದ್ದು ಮಾತ್ರ. ಅರ್ಧ ಸವೆದದ್ದು ಕೈಯ ಒತ್ತಿಗೆ ಸುಳ್ಳು ಹೇಳಿ ಪಾರಾಗುತ್ತದೆ. ಅದಕ್ಕಿಂತ ನಾನು ನಂಬುವುದು ಟೈರನ್ನು. ಟೈರಿನ ಮೇಲೆ ಅಂಗೈ ಇಟ್ಟು ಸುತ್ತಲೂ ಸವರಿ. ಅಲ್ಲಲ್ಲಿ ಗುಳಿ, ಅಲ್ಲಲ್ಲಿ ದಿಬ್ಬ ಸಿಕ್ಕರೆ ಆ ಚಕ್ರ ಓಡುವಾಗ ನೆಲದಿಂದ ಪುಟಿಯುತ್ತಿದೆ. ಬೇರಿಂಗ್, ಬ್ಯಾಲೆನ್ಸಿಂಗ್ ಸರಿ ಇದ್ದೂ ಹೀಗಾದರೆ ನನಗೆ ಬೇರೆ ಸಾಕ್ಷಿ ಬೇಕಿಲ್ಲ. ಇಂಡಿಯ ಲಿಂಬೆ ವ್ಯಾಪಾರಿಯೊಬ್ಬರು ಹಳೆ ಇಂಡಿಕಾದ ಡಿಕ್ಕಿಯಲ್ಲಿ ಚೀಲಗಟ್ಟಲೆ ಹಣ್ಣು ಹೇರಿ ಓಡಾಡುತ್ತಿದ್ದರು. ಹಿಂದಿನ ಟೈರುಗಳು ಬೇಗ ಸವೆಯುತ್ತಿವೆ ಎಂದು ಟೈರಿನವರ ಮೇಲೆ ಸಿಟ್ಟಾಗಿದ್ದರು. ಟೈರಿನ ಮೈ ಸವರಿಸಿ ತೋರಿಸಿದೆ. ಹಿಂದಿನ ಜೋಡಿ ಶಾಕಬ್ಸರ್ ಹಾಕಿದ ಮೇಲೆ ಆ ಸಿಟ್ಟು ಇಳಿಯಿತು.

ಆಮೇಲೆ ಎಣ್ಣೆ. ಶಾಕಬ್ಸರಿನ ಮೈಮೇಲೆ ತೆಳುವಾಗಿ ಜಿಡ್ಡು, ಅದಕ್ಕೆ ಧೂಳು ಹಿಡಿದಿದ್ದರೆ ಗಾಬರಿ ಬೇಡ; ರಾಡಿನ ಜೊತೆ ಅಷ್ಟು ಎಣ್ಣೆ ಬರುವುದು ಸಹಜ. ಒರೆಸಿ, ವಾರ ಬಿಟ್ಟು ನೋಡಿ. ಮತ್ತೆ ಒದ್ದೆಯಾಗಿ ಕೆಳಗೆ ಇಳಿದಿದ್ದರೆ ಸೀಲು ಹೋಗಿದೆ. ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ. ಕೆಟ್ಟ ರಸ್ತೆಯಲ್ಲಿ ಅರ್ಧ ತಾಸು ಓಡಿಸಿ ತಂದು, ಸೈಲೆನ್ಸರಿಗೆ ಕೈ ತಾಗದಂತೆ, ಅಂಗೈಯ ಹಿಂಬದಿಯನ್ನು ಒಂದೊಂದೇ ಶಾಕಬ್ಸರಿನ ಹತ್ತಿರ ಒಯ್ಯಿರಿ. ದುಡಿದದ್ದು ಬೆಚ್ಚಗಿರುತ್ತದೆ. ಜೋಡಿಯಲ್ಲಿ ಒಂದು ಬೆಚ್ಚಗಿದ್ದು ಇನ್ನೊಂದು ತಣ್ಣಗಿದ್ದರೆ, ತಣ್ಣಗಿದ್ದದ್ದು ದುಡಿಯುತ್ತಿಲ್ಲ. ನಮ್ಮಲ್ಲಿ ಏಪ್ರಿಲ್‌, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬಿಸಿಗೆ ಎಣ್ಣೆ ತೆಳ್ಳಗಾಗುವುದರಿಂದ ಮುಂಜಾನೆ ಸರಿಯಿದ್ದ ಗಾಡಿ ಮಧ್ಯಾಹ್ನದ ಹೊತ್ತಿಗೆ ತೂಗಾಡುವುದುಂಟು. ಟೆಸ್ಟ್ ಡ್ರೈವನ್ನು ಆ ಹೊತ್ತಿಗೇ ಇಟ್ಟುಕೊಳ್ಳಿ.

ಬದಲಿಸಬಾರದ ಸಂದರ್ಭಗಳೂ ಇವೆ. “ಖಟ ಖಟ ಅಂತದ, ಶಾಕಬ್ಸರ್ ಹೋಗ್ಯಾವ, ಹಾಕ್ರಿ” ಎಂದು ದುಡ್ಡು ಹಿಡಿದೇ ಬರುವವರನ್ನು ನಾನು ನಿಲ್ಲಿಸುತ್ತೇನೆ. ಮುದ್ದೇಬಿಹಾಳದ ಮಾಸ್ತರರೊಬ್ಬರ ಸ್ವಿಫ್ಟಿನಲ್ಲಿ ಆ ಸದ್ದು ಮಾಡುತ್ತಿದ್ದುದು ಲಿಂಕ್ ರಾಡು. ಅದರ ಖರ್ಚು ಶಾಕಬ್ಸರಿನ ಮುಂದೆ ಚಿಲ್ಲರೆ. ಸಣ್ಣ ಉಬ್ಬಿಗೂ ಖಟ ಎಂದರೆ ಮೊದಲು ಲಿಂಕ್ ರಾಡು, ಲೋವರ್ ಆರ್ಮ್ ಬುಶ್, ಬಾಲ್ ಜಾಯಿಂಟ್ ನೋಡಿಸಿ. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದಾಗ ಕರಕರ ಎಂದರೆ ಸ್ಟ್ರಟ್ (ಸುರುಳಿಯೊಡನೆ ಕೂಡಿದ ಮುಂದಿನ ಶಾಕಬ್ಸರ್) ಮೇಲಿನ ಮೌಂಟು, ಬೇರಿಂಗಿನ ಕಡೆ ನೋಡಬೇಕು. ಗಾಡಿ ಒಂದು ಕಡೆ ಕುಸಿದು ಕೂತಿದ್ದರೆ ಸ್ಪ್ರಿಂಗ್ ದಣಿದಿದೆ, ಇಲ್ಲವೆ ಮುರಿದಿದೆ. ಹೊಸ ಶಾಕಬ್ಸರ್ ಹಾಕಿದರೂ ಅದು ಏಳುವುದಿಲ್ಲ. ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ಬಫರ್ ತುರುಕಿಸಿಕೊಂಡು ನೆಮ್ಮದಿಯಾದವರಿದ್ದಾರೆ. ಎತ್ತರ ಸಿಗುತ್ತದೆ, ನಿಜ. ಕುಣಿತ ಅಡಗಿಸುವ ಶಕ್ತಿ ಆ ರಬ್ಬರಿಗೆ ಇಲ್ಲ.

ಹಳೆಯದನ್ನೇ ತೂತು ಕೊರೆದು, ಎಣ್ಣೆ ತುಂಬಿ, ವೆಲ್ಡ್ ಮಾಡಿ ಕೊಡುವ ಕಡೆಗಳಿವೆ. ಅಗ್ಗವಾಗುತ್ತದೆ ಎಂದು ಹೋಗುವವರ ಕಷ್ಟ ನನಗೆ ತಿಳಿಯುತ್ತದೆ. ಆದರೂ ಬೇಡ ಎನ್ನುತ್ತೇನೆ. ಸವೆದ ವಾಲ್ವು ಒಳಗೆ ಹಾಗೇ ಇರುತ್ತದೆ, ಹೋದ ನೈಟ್ರೋಜನ್ ಮರಳುವುದಿಲ್ಲ. ಆ ದುಡ್ಡನ್ನು ಕೂಡಿಟ್ಟು ಎರಡು ತಿಂಗಳು ತಡವಾಗಿ ಹೊಸದು ಹಾಕಿಸಿ, ಅಲ್ಲಿಯವರೆಗೆ ನಿಧಾನ ಓಡಿಸಿ. 1961ರಿಂದ ನಮ್ಮ ದೇಶದಲ್ಲೇ ತಯಾರಿಸುತ್ತಿರುವ ಗೇಬ್ರಿಯಲ್‌ನಂಥ ಕಂಪನಿಯ ಮಾಲು ಸಿಗುತ್ತದೆ. ಸಣ್ಣ ಕಾರಿನ ಮುಂದಿನ ಜೋಡಿಯ ಖರ್ಚು ಎರಡು ಹೊಸ ಟೈರಿನ ಆಸುಪಾಸು ಎಂದು ಹಿಡಿಯಿರಿ.

ಹದಿನೈದು ವರ್ಷ ತುಂಬಿದ ನಮ್ಮ ಜಿಲ್ಲೆಯ ಕೆಎ-28 ಗಾಡಿ ಆರ್‌ಸಿ ನವೀಕರಣಕ್ಕೆ ಹೊರಟಾಗ ಈ ಪ್ರಶ್ನೆ ದೊಡ್ಡದಾಗುತ್ತದೆ. ಐದು ವರ್ಷಕ್ಕೆ ನವೀಕರಿಸುವವರು ಶಾಕಬ್ಸರ್ ಮೇಲೆ ಖರ್ಚು ಮಾಡಬೇಕೆ? ಬಾನೆಟ್ ಎತ್ತಿ, ಸ್ಟ್ರಟ್ ಬೋಲ್ಟ್ ಕೂರುವ ತಗಡು ನೋಡುತ್ತೇನೆ. ಗಟ್ಟಿ ಇದ್ದರೆ ಖಂಡಿತ ಹಾಕಿಸಿ. ತುಕ್ಕು ತಿಂದು ತಗಡು ಸಡಿಲವಾಗಿದ್ದರೆ ಹೊಸ ಶಾಕಬ್ಸರಿಗೆ ನಿಲ್ಲಲು ನೆಲೆಯೇ ಇಲ್ಲ. ಅಂಥ ಗಾಡಿಗೆ ದುಡ್ಡು ಹಾಕಬೇಡಿ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಆಲಮಟ್ಟಿ ನೋಡಲು ಹೋಗುವುದಂತೂ ಬೇಡವೇ ಬೇಡ.

ಹಾಕಿಸುವಾಗ ಒಂದನ್ನೇ ಹಾಕಿಸಬೇಡಿ. ಮುಂದಿನವು ಎರಡು, ಇಲ್ಲವೆ ಹಿಂದಿನವು ಎರಡು. ಎಡ ಗಟ್ಟಿ, ಬಲ ಸಡಿಲಾದರೆ ಬ್ರೇಕಿನಲ್ಲಿ ಗಾಡಿ ಎಳೆಯುತ್ತದೆ. ಬಂಪ್ ಸ್ಟಾಪ್ ರಬ್ಬರು, ಡಸ್ಟ್ ಕವರು ಅದೇ ಕೆಲಸದಲ್ಲಿ ಹೊಸದಾಗಲಿ. ಮನೆಯಲ್ಲೇ ಬಿಚ್ಚುವ ಸಾಹಸ ಮಾಡಬೇಡಿ, ಒತ್ತಿಟ್ಟ ಸುರುಳಿ ಕೈತಪ್ಪಿ ಚಿಮ್ಮಿದರೆ ಜೀವಕ್ಕೇ ಅಪಾಯ. ಹಿಂದಿನ ಬುಶ್ ಇರುವ ಬೋಲ್ಟುಗಳನ್ನು ಜಾಕ್ ಇಳಿಸಿ, ಗಾಡಿಯ ಭಾರ ಚಕ್ರದ ಮೇಲೆ ಕೂತ ನಂತರವೇ ಪೂರ್ತಿ ಬಿಗಿಯಬೇಕು, ಗಾಳಿಯಲ್ಲಿ ತೂಗಿದಾಗಲೇ ಬಿಗಿದರೆ ರಬ್ಬರು ತಿರುಚಿ ಬೇಗ ಹರಿಯುತ್ತದೆ. ಹತ್ತಿರ ನಿಂತು ಇದನ್ನು ಕೇಳಿ ಮಾಡಿಸಿಕೊಳ್ಳಿ. ಮುಂದಿನ ಸ್ಟ್ರಟ್ ಬಿಚ್ಚಿದ್ದರೆ ಅದೇ ದಿನ ಅಲೈನ್‌ಮೆಂಟ್ ಮಾಡಿಸಿ. ಸಾವಿರ ಕಿ.ಮೀ. ಓಡಿದ ಮೇಲೆ ಒಮ್ಮೆ ತಂದು ನಟ್ಟು ಬೋಲ್ಟಿನ ಬಿಗಿ ನೋಡಿಸಿ.